ಅಕ್ಕನ ಕೂಸನ್ನು ಹರಸಲು ಬಂದವರು

ಹೊಸ ಸೀರೆಯ ಗಂಜಿ ವಾಸನೆ ಬಡಿದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಆ ಮಧ್ಯಾಹ್ನ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಅಕ್ಕನ ಕೂಸನ್ನು ಹರಸಲು ಮಂಗಳಮುಖಿಯರು ಬಂದರು. ಅಪ್ಪ ಮಗ್ಗ ನಿಲ್ಲಿಸಿ ಒಳಗೆ ಹೋದರು. ಬಂದವರ ನಡುವೆ, ಮನೆ ಬಿಟ್ಟು ಹೋಗಿದ್ದ ನಮ್ಮಣ್ಣ ಗಂಜಿ ವಾಸನೆಯ ಹೊಸ ಸೀರೆಯುಟ್ಟು ನಿಂತಿದ್ದ.

"ಇವರ ಮಡ್ಲಿಗೆ ಹಾಕವ್ವ, ಕೂಸಿಗೆ ಒಳ್ಳೇದಾಗುತ್ತೆ," ಎಂದು ಅಜ್ಜಿ ಅಕ್ಕನಿಗೆ ಹೇಳಿದಳು. ಕೂಸು ಒಬ್ಬೊಬ್ಬರ ಮಡಿಲಿಗೂ ಹೋಯಿತು. ಅಣ್ಣ ಕೈಚಾಚಿದಾಗ ಮಾತ್ರ ಅಮ್ಮ ಅದನ್ನು ಎತ್ತಿಕೊಂಡುಬಿಟ್ಟಳು.

ಅವರಲ್ಲಿ ಹಿರಿಯಳು ನನ್ನನ್ನು ಕೇಳಿದಳು: "ಪುಟ್ಟಾ, ಇದು ನಿಮ್ಮಣ್ಣ ಅಲ್ವೇನೋ?"

ಅಮ್ಮನ ಮುಖ ನೋಡಿ, "ನಂಗೆ ಅಣ್ಣ ಇಲ್ಲ," ಎಂದೆ.

"ಹೌದು ಕಣೋ, ಇನ್ನೊಬ್ಳು ಅಕ್ಕ ಇದಾಳೆ," ಎಂದು ನಕ್ಕಳು ಆ ಹಿರಿಯಳು. ಬಗ್ಗಿ ನನ್ನ ಕೆನ್ನೆ ಸವರಿ, ಲಟಿಕೆ ಮುರಿದು ದೃಷ್ಟಿ ತೆಗೆದಳು.

ನಾನು ಅವಳೆದುರೇ ಕೆನ್ನೆ ಒರೆಸಿಕೊಂಡೆ.