ಹಿಂಬದಿಯ ಸಹಿ

ಗುಟ್ಟು ಎಲ್ಲಿಂದ ಸೋರುತ್ತಿದೆಯೆಂದು ಪತ್ತೆ ಹಚ್ಚುವ ಕೆಲಸವನ್ನು ಯಜಮಾನರು ಮ್ಯಾನೇಜರ್ ಮೇಡಂಗೆ ಒಪ್ಪಿಸಿದರು. ಸೋರುತ್ತಿದ್ದುದು ಆಕೆಯಿಂದಲೇ.

ಯಜಮಾನರ ಇಬ್ಬರು ಗಂಡುಮಕ್ಕಳೂ ಎದುರಿಗೇ ಕೂತಿದ್ದರು. ಈ ಆಫೀಸಿನೊಳಗೇ ಯಾರೋ ಇದ್ದಾರೆ ಎಂದು ದೊಡ್ಡವನು ಮೇಜು ಕುಟ್ಟಿದ. ತಮ್ಮ ವಕೀಲರು ಇವತ್ತು ಏನು ಯೋಚಿಸುತ್ತಾರೋ ನಾಳೆ ಅದಕ್ಕೆ ಉತ್ತರ ಅವಳ ಕೈಯಲ್ಲಿ ರೆಡಿ ಇರುತ್ತದೆ ಎಂದು ಚಿಕ್ಕವನು ಹಲ್ಲು ಕಡಿದ. ಯಜಮಾನರು ಕನ್ನಡಕ ಒರೆಸುತ್ತ ಮೇಡಂ ಕಡೆ ನೋಡಿದರು.

"ನೀನೇ ಹುಡುಕಮ್ಮ. ನಿನ್ನ ಬಿಟ್ರೆ ನಂಬೋಕೆ ನಂಗಿನ್ಯಾರಿದಾರೆ?"

'ಅವಳು' ಎಂದರೆ ಯಜಮಾನರ ಅಣ್ಣನ ಮಗಳು. ಬ್ಯಾಸ್ಕೆಟ್‌ಬಾಲ್ ತಂಡವನ್ನು ಅಣ್ಣ ತಮ್ಮ ಇಬ್ಬರೂ ಸೇರಿ ಕಟ್ಟಿದ್ದರು. ಅಣ್ಣ ಹೋದ ವರ್ಷ ತೀರಿಕೊಂಡ ಮೇಲೆ, ಅರ್ಧ ತಂಡ ತನ್ನದೆಂದು ಮಗಳು ಹೇಳಿದಳು. ಪೂರ್ತಿ ತಂಡ ತಮ್ಮಪ್ಪನದೆಂದು ಈ ಮಕ್ಕಳು ಹೇಳಿದರು. ಅವರು ಆಗಲೇ ಬೇರೆ ಊರಿನ ಗಿರಾಕಿಯೊಬ್ಬನನ್ನು ಹುಡುಕಿಟ್ಟಿದ್ದರು. ಅವನಿಗೆ ಬೇಕಿದ್ದುದು ಲೀಗಿನಲ್ಲಿ ತಂಡಕ್ಕಿದ್ದ ಜಾಗ ಮಾತ್ರ. ಆಟಗಾರರು, ಕೋಚು, ಮ್ಯಾನೇಜರು ಯಾರೂ ಬೇಡ. ತಕರಾರು ಲೀಗಿನ ಮಧ್ಯಸ್ಥರ ಮುಂದೆ ಹೋಗಿ ಕೂತಿತ್ತು. ಯಜಮಾನರಂತೂ ಮಕ್ಕಳಿಗೆ ಎದುರಾಡಿದವರಲ್ಲ. ಅವರು ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಹಾಕುತ್ತಿದ್ದರು.

ಮೇಡಂ ಈ ತಂಡದಲ್ಲಿ ಇಪ್ಪತ್ತು ವರ್ಷ ಸವೆಸಿದ್ದರು. 'ಏಣಿ' ಎಂಬ ಅಡ್ಡಹೆಸರಿನ ಆಟಗಾರನ ಕಾಲು ಯಾವ ಹೋಟೆಲಿನ ಮಂಚದಲ್ಲೂ ಹಿಡಿಸದೆ ಹೊರಗೆ ಚಾಚುತ್ತದೆಂದು ಮುಂಚೆಯೇ ಫೋನ್ ಮಾಡಿ, ಮಂಚದ ತುದಿಗೊಂದು ಬೆಂಚು ಹಾಕಿಸುತ್ತಿದ್ದವರು ಅವರೇ. ಇವರನ್ನೆಲ್ಲ ಬೀದಿಗೆ ಬಿಡುವುದನ್ನು ನೋಡುತ್ತ ಕೈಕಟ್ಟಿ ಕೂರಲು ಅವರಿಂದಾಗಲಿಲ್ಲ. ಮಧ್ಯಾಹ್ನ ಪ್ರಾಕ್ಟೀಸ್ ಶುರುವಾಗಿ ಚೆಂಡಿನ ಸದ್ದು ಏರಿದೊಡನೆ ಶೂ ಇಡುವ ಕೋಣೆಗೆ ನುಗ್ಗಿ ಅಣ್ಣನ ಮಗಳಿಗೆ ಫೋನ್ ಮಾಡುತ್ತಿದ್ದರು.

ಸುದ್ದಿಗೇನೂ ಬರವಿರಲಿಲ್ಲ. ಮಕ್ಕಳು ಅತ್ತ ಹೋಗುತ್ತಲೇ ಯಜಮಾನರು ಇತ್ತ ಎಲ್ಲ ಹೇಳಿಬಿಡುತ್ತಿದ್ದರು. ಒಂದು ಸಲವಲ್ಲ, ಮೂರು ಮೂರು ಸಲ. ವಯಸ್ಸಾಯಿತು, ಪಾಪ, ಬಾಯಿ ಸಡಿಲವಾಗಿದೆ ಎಂದು ಮೇಡಂಗೆ ಒಳಗೊಳಗೇ ಮರುಕ.

ಒಂದು ದಿನ ಹಳೆಯ ಕರಾರುಪತ್ರವೊಂದನ್ನು ಕೈಗಿತ್ತು, ಯಾರ ಕಣ್ಣಿಗೂ ಬೀಳದಂತೆ ಕಪಾಟಿನಲ್ಲಿಡು ಎಂದು ಹೇಳಿ ಯಜಮಾನರು ಚಹಾ ಕುಡಿಯಲು ಹೋದರು. ಮೇಡಂ ಓದಿದರು. ಅಣ್ಣ ತಮ್ಮಂದಿರಲ್ಲಿ ಯಾರು ಮೊದಲು ತೀರಿಕೊಂಡರೂ ಅವರ ಅರ್ಧ ಪಾಲು ಅವರ ಮಕ್ಕಳಿಗೆ. ಅವರು ಒಪ್ಪದೆ ತಂಡವನ್ನು ಮಾರುವಂತಿಲ್ಲ. ಕೂಡಲೇ ಫೋಟೊ ತೆಗೆದು ಅಣ್ಣನ ಮಗಳಿಗೆ ಕಳಿಸಿದರು. ಪತ್ರವನ್ನು ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ಎಂದಿನಂತೆ ಗೋಡೆಯ ಮೊಳೆಗೆ ನೇತುಹಾಕಿದರು.

ನಾಲ್ಕು ದಿನ ಬಿಟ್ಟು ಅಣ್ಣನ ಮಗಳೇ ಫೋನ್ ಮಾಡಿದಳು.

"ಅಕ್ಕ, ನೀವು ಬರೀ ಮುಂಬದಿ ಕಳಿಸಿದ್ರಿ. ಸಹಿ ಎಲ್ಲ ಹಿಂಬದಿಯಲ್ಲಿತ್ತು. ಪುಣ್ಯಕ್ಕೆ ಅದರ ಜೆರಾಕ್ಸ್ ಇವತ್ತು ಅಂಚೆಯಲ್ಲಿ ಬಂತು. ನೀವೇ ತಾನೆ ಹಾಕಿದ್ದು?"

ಮೇಡಂ ಹಾಕಿರಲಿಲ್ಲ. ಹಾಗಾದರೆ ಈ ಆಫೀಸಿನಲ್ಲಿ ಇನ್ನೊಬ್ಬರಿದ್ದಾರೆ.

ಇಷ್ಟು ದಿನ ಹುಡುಕುವ ನಾಟಕವಾಡಿದವರು ಈಗ ನಿಜವಾಗಿ ಹುಡುಕತೊಡಗಿದರು. ಮಕ್ಕಳ ಕೈಗೆ ಸಿಗುವ ಮೊದಲೇ ಆ ಪುಣ್ಯಾತ್ಮನನ್ನು ಎಚ್ಚರಿಸಬೇಕಿತ್ತು. ಕೋಚು ಮೆಟ್ಟಿಲ ಕೆಳಗೆ ನಿಂತು ಫೋನಿನಲ್ಲಿ ಪಿಸುಗುಡುತ್ತಿದ್ದ. ಕಿವಿಗೊಟ್ಟರೆ, ಮಂಡಿಗೆ ಹಚ್ಚುವ ಎಣ್ಣೆಯ ಬಗ್ಗೆ ಅತ್ತೆಯೊಡನೆ ಮಾತು. ಫಿಸಿಯೋಥೆರಪಿಸ್ಟ್ ಪ್ರತಿ ಸೋಮವಾರ ಲಕೋಟೆ ಹಿಡಿದು ಅಂಚೆಪೆಟ್ಟಿಗೆಗೆ ಹೋಗುತ್ತಿದ್ದಳು. ಉಪಾಯವಾಗಿ ವಿಚಾರಿಸಿದರೆ, ಪದಬಂಧದ ಸ್ಪರ್ಧೆ. ಹನ್ನೊಂದು ವರ್ಷದಿಂದ ಕಳಿಸುತ್ತಿದ್ದಾಳಂತೆ, ಒಂದು ಸಲವೂ ಬಹುಮಾನ ಬಂದಿಲ್ಲವಂತೆ.

ಮಕ್ಕಳಿಗೆ ತಾಳ್ಮೆ ಮುಗಿದಿತ್ತು. ಅನುಮಾನ ಇದ್ದರೆ ಸಾಕು, ಕೋಚನ್ನು ತೆಗೆದುಹಾಕೋಣ ಎಂದರು. ಯಜಮಾನರು ಅಪರೂಪಕ್ಕೆ ದನಿ ಏರಿಸಿ, ಸಾಕ್ಷಿಯಿಲ್ಲದೆ ಯಾರ ಅನ್ನಕ್ಕೂ ಕಲ್ಲು ಹಾಕಬೇಡಿ, ಮೇಡಂ ಹುಡುಕುತ್ತಿದ್ದಾರಲ್ಲ ಎಂದರು.

ವಿಚಾರಣೆಯ ದಿನ ಮಧ್ಯಸ್ಥರು ಆ ಹಿಂಬದಿಯ ಪುಟವನ್ನು ಯಜಮಾನರ ಮುಂದೆ ಚಾಚಿದರು. ಮಕ್ಕಳ ವಕೀಲ ಎದ್ದು ನಿಂತ, ಉತ್ತರ ಕೊಡಬೇಡಿ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಯಜಮಾನರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

"ಸಹಿ ನಂದೇ. ಇಲ್ಲ ಅನ್ನೋಕಾಗುತ್ತಾ?"

ಅಲ್ಲಿಗೆ ಮುಗಿಯಿತು. ಅರ್ಧ ತಂಡ ಅಣ್ಣನ ಮಗಳದು, ಅವಳು ಒಪ್ಪದೆ ಮಾರಾಟವಿಲ್ಲ ಎಂದು ತೀರ್ಪಾಯಿತು. ಗಿರಾಕಿ ಬಂದ ದಾರಿ ಹಿಡಿದ. ಮಕ್ಕಳಿಬ್ಬರೂ ಅಪ್ಪನ ಮುಖ ನೋಡದೆ ಕಾರು ಹತ್ತಿದರು. ಯಜಮಾನರು ಮೆಟ್ಟಿಲ ಮೇಲೆ ಒಬ್ಬರೇ ನಿಂತಿದ್ದರು.

ಮರುದಿನ ಬೆಳಿಗ್ಗೆ ಮೇಡಂ ರಾಜೀನಾಮೆ ಪತ್ರ ಹಿಡಿದು ಯಜಮಾನರ ಕೋಣೆಗೆ ಹೋದರು. ಕೂರದೆ, ನಿಂತಲ್ಲೇ ಎಲ್ಲ ಒಪ್ಪಿಕೊಂಡರು. ಫೋನ್ ಮಾಡಿದ್ದು ತಾನು, ಫೋಟೊ ಕಳಿಸಿದ್ದು ತಾನು, ನಂಬಿದವರಿಗೆ ದ್ರೋಹ ಬಗೆದದ್ದೂ ತಾನೇ.

"ಆ ಹಿಂಬದಿ ಪುಟ ಮಾತ್ರ ನಾನು ಕಳಿಸಿದ್ದಲ್ಲ, ಸರ್. ಯಾರು ಅಂತ ಕೊನೆಗೂ ಗೊತ್ತಾಗ್ಲಿಲ್ಲ."

ಯಜಮಾನರು ರಾಜೀನಾಮೆಯನ್ನು ಪೂರ್ತಿ ಓದಿದರು. ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದರು. ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಇಪ್ಪತ್ತು ವರ್ಷದ ಸರ್ವೀಸು ನಿಂದು, ಕೈಗೆ ಕಾಗದ ಕೊಟ್ರೆ ತಿರುಗಿಸಿ ನೋಡ್ಬಾರ್ದೇನಮ್ಮ? ಅಂಚೆಪೆಟ್ಟಿಗೆವರೆಗೂ ಈ ವಯಸ್ಸಲ್ಲಿ ನಾನೇ ನಡ್ಕೊಂಡು ಹೋಗ್ಬೇಕಾಯ್ತು."