ಹೊಸ್ತಿಲ ಬಳಿ ಬಿಟ್ಟ ಹೈ ಹೀಲ್ಸ್

ತನುಜಾಳ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು...

ಆದರೆ ಬಳ್ಳಾರಿಯಲ್ಲಿ ಅವಳು ಕೆಲಸ ಮಾಡುವ ಕಾರ್ ಶೋರೂಂನವರ ಪಾಲಿಗೆ ಐದು ಅಡಿ ಒಂದು ಇಂಚು! ನಡುವಿನ ನಾಲ್ಕು ಇಂಚು ಅವಳ ಚಪ್ಪಲಿಯದು.

ಇಂಟರ್‌ವ್ಯೂ ದಿನ ಮ್ಯಾನೇಜರ್ ಫೋನಿನಲ್ಲಿ ಯಾರಿಗೋ "ಫ್ರಂಟ್ ಡೆಸ್ಕ್‌ಗೆ ಸ್ವಲ್ಪ ಹೈಟ್ ಇರೋರು ಬೇಕು" ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಅಂದು ಹೀಲ್ಸ್ ಹಾಕಿದ್ದಳು... ಕೆಲಸ ಸಿಕ್ಕಿತು... ಆಮೇಲೆ ಮೂರು ವರ್ಷ ಶೋರೂಂನ ಒಬ್ಬರೆದುರೂ ಆ ಹೀಲ್ಸ್ ಬಿಚ್ಚಲಿಲ್ಲ.

ಯೂನಿಫಾರ್ಮಿನ ಕಪ್ಪು ಜೀನ್ಸನ್ನು ಉದ್ದವಾಗಿಯೇ ಬಿಟ್ಟು, ಸೊಂಟದಿಂದ ಕೆಳಕ್ಕೆ ಜಗ್ಗಿ, ಹೀಲ್ಸ್ ಕಾಣದ ಹಾಗೆ ನೆಲ ಮುಟ್ಟಿಸುತ್ತಿದ್ದಳು. ಮೇಲೆ ಶರ್ಟ್ ಇಳಿಬಿಟ್ಟರೆ ಮುಗಿಯಿತು.

ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆಯಲ್ಲ... ಯಾರ ಮನೆಗೆ ಹೋದರೂ ಚಪ್ಪಲಿ ಹೊಸ್ತಿಲಿನ ಆಚೆಗೇ ಬಿಡಬೇಕು! ಅವಳು ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಚಪ್ಪಲಿ ಬಿಟ್ಟರೆ ಜೀನ್ಸ್ ನೆಲ ಗುಡಿಸುತ್ತದೆ. ಮೂರು ವರ್ಷದ ಸುಳ್ಳು ಎಲ್ಲರೆದುರು ಬಯಲಾಗುತ್ತದೆ.

ಹಾಗಾಗಿ ಗೃಹಪ್ರವೇಶ ಎಂದರೆ ತಲೆನೋವು, ಸತ್ಯನಾರಾಯಣ ಪೂಜೆ ಎಂದರೆ ಹೊಟ್ಟೆನೋವು. ಎಲ್ಲರೂ ದೇವಸ್ಥಾನದ ಒಳಗೆ ಹೋದರೆ ಇವಳದು ಕಾರಿನಲ್ಲಿ ಕೂತು ಬ್ಯಾಗು ಕಾಯುವ ಕೆಲಸ... ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುವುದು ಸುಮ್ಮನೆ ಅಲ್ಲ.

ಕಳೆದ ವರ್ಷ ಅದೇ ಶೋರೂಂನ ಗೆಳತಿ ದುರ್ಗಾಳ ತಂದೆ ತೀರಿಕೊಂಡರು. ದಿನಾ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದ ಗೆಳತಿ.

ತನುಜಾ ಓಡೋಡಿ ಹೋದಳು... ಗೇಟಿನವರೆಗೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಶೋರೂಂನವರೆಲ್ಲ ಕೂತಿದ್ದರು.

ಐದು ನಿಮಿಷ ನಿಂತಳು. ಹಾಗೇ ವಾಪಸ್ ಬಂದುಬಿಟ್ಟಳು.

ಆ ದಿನದಿಂದ ದುರ್ಗಾಳ ಮಾತು ಕಡಿಮೆಯಾಯಿತು. ಡಬ್ಬಿ ಬೇರೆಯಾಯಿತು. ಆಮೇಲೆ ಅವಳು ಬಾಣಂತನಕ್ಕೆ ರಜೆಯ ಮೇಲೆ ಹೋದಳು.

ಈಗ ದುರ್ಗಾಳ ಮಗುವಿಗೆ ಹೆಸರಿಡುವ ಶಾಸ್ತ್ರ. ಶೋರೂಂನವರೆಲ್ಲ ಮಧ್ಯಾಹ್ನ ಯೂನಿಫಾರ್ಮಿನಲ್ಲೇ ಹೋಗುವುದೆಂದು ಮಾತಾಗಿತ್ತು. ದುರ್ಗಾ ತನುಜಾಳಿಗೆ ಒಂದೇ ಸಾಲು ಮೆಸೇಜ್ ಕಳಿಸಿದ್ದಳು... "ಈ ಸಲ ಬರ್ಲಿಲ್ಲ ಅಂದ್ರೆ ಇನ್ಯಾವತ್ತೂ ಕರೆಯಲ್ಲ."

ಹೋದರೆ ಮಾನ ಹೋಗುತ್ತದೆ. ಹೋಗದಿದ್ದರೆ ಗೆಳತಿ ಹೋಗುತ್ತಾಳೆ. ಅತ್ತ ದರಿ, ಇತ್ತ ಪುಲಿ.

ಶಾಸ್ತ್ರದ ಹಿಂದಿನ ದಿನ ಅವಳು ಹುಲಿಗೆಮ್ಮನ ಅಂಗಡಿಗೆ ಹೋದಳು. ಇಪ್ಪತ್ತು ವರ್ಷ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿದು, ಈಗ ಆಲ್ಟರೇಷನ್ ಮಾಡುವ ಹೆಂಗಸು. ಪುಟ್ಟ ಅಂಗಡಿ, ಒಂದು ಮಿಷನ್ನು, ಒಂದು ಕನ್ನಡಿ.

"ಅಮ್ಮಾ, ಈ ಜೀನ್ಸಿಗೆ ಒಳಗಡೆ ಹುಕ್ ಹಾಕಿಕೊಡ್ರಿ. ಚಪ್ಪಲಿ ಬಿಟ್ಟಾಗ ಯಾರಿಗೂ ಗೊತ್ತಾಗ್ದಂಗೆ ಪ್ಯಾಂಟಿನ ಕಾಲು ಮಡಚಿಕೊಳ್ಳೋಕೆ..."

"ಹಾಕ್ತೀನಿ ಬಿಡವ್ವ, ಅದೇನ್ ದೊಡ್ಡ ಕೆಲ್ಸ? ಆದ್ರೆ ಒಮ್ಮೆಗೇ ನಾಲ್ಕಿಂಚು ಇಳಿತೀಯಲ್ಲ... ಜೊತೆಗೇ ಇಳಿಯೋ ಆ ಮುಖಕ್ಕೆ ಎಲ್ಲಿ ಹುಕ್ ಹಾಕ್ಲಿ?"

ತನುಜಾಳಿಗೆ ಅಳು ತಡೆಯಲಾಗಲಿಲ್ಲ. ಮೂರು ವರ್ಷದ್ದೆಲ್ಲ ಹೇಳಿಕೊಂಡಳು.

ಹುಲಿಗೆಮ್ಮ ಸಮಾಧಾನ ಹೇಳಲಿಲ್ಲ. "ಚಪ್ಪಲಿ ಬಿಡು. ಕನ್ನಡಿ ಮುಂದೆ ನಿಂದ್ರು" ಎಂದಳು.

"ಪ್ಯಾಂಟಿನ ಮೊಣಕಾಲು ಮಡಿಕೆ ಎಲ್ಲಿಗೆ ಬಂದೈತೆ ನೋಡು, ಮೀನಖಂಡಕ್ಕೆ! ಹೀಲ್ಸ್ ಮುಚ್ಚಾಕಂತ ಪ್ಯಾಂಟು ಕೆಳಕ್ಕೆ ಜಗ್ಗೀಯ. ಅದ್ಕೇ ಇರೋದಕ್ಕಿಂತ ಗಿಡ್ಡ ಕಾಣ್ತೀಯ ಹುಚ್ಚಿ!"

ಜೀನ್ಸನ್ನು ಹೊಕ್ಕುಳ ಮಟ್ಟಕ್ಕೆ ಎತ್ತಿ ಕಟ್ಟಿಸಿದಳು. ಶರ್ಟನ್ನು ಒಳಗೆ ಸೇರಿಸಿದಳು. ಹಿಂದಿನ ಜೇಬು ಒಂದಿಂಚು ಮೇಲೆ, ಕಾಲು ನೇರವಾಗಿ ಸ್ವಲ್ಪ ಬಿಗಿ. ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಕೊನೆಗೆ ಪಾದದ ಗಂಟಿನ ಹತ್ತಿರ ಕತ್ತರಿ ಹಿಡಿದಳು.

"ಕತ್ತರಿಸಿದ್ರೆ ಮತ್ತೆ ಆ ಹೀಲ್ಸ್ ಮುಚ್ಚಾಕಾಗಲ್ಲ. ಹೇಳು, ಕತ್ತರಿಸ್ಲೋ ಬ್ಯಾಡವೋ?"

ಮ್ಯಾನೇಜರ್ ಏನೆನ್ನುತ್ತಾರೋ, ಯಾರು ನಗುತ್ತಾರೋ... ಚಪ್ಪಲಿ ರಾಶಿಯ ಮುಂದೆ ನಿಂತ ಆ ಐದು ನಿಮಿಷ ನೆನಪಾಯಿತು.

"ಕತ್ತರಿಸ್ರಿ ಅಮ್ಮಾ" ಎಂದು ಕಣ್ಣು ಮುಚ್ಚಿಕೊಂಡಳು.

ಮರುದಿನ ಮಧ್ಯಾಹ್ನ...

ದುರ್ಗಾಳ ಮನೆಯ ಹೊಸ್ತಿಲು. ಅದೇ ಚಪ್ಪಲಿ ರಾಶಿ. ತನುಜಾ ಬಗ್ಗಿ ಹೀಲ್ಸ್ ಬಿಚ್ಚಿ, ಬರಿಗಾಲಲ್ಲಿ ಒಳಗೆ ಬಂದಳು.

ಮಗು ಎತ್ತಿಕೊಂಡಿದ್ದ ದುರ್ಗಾ ಅವಳ ಎತ್ತರ ನೋಡಲೇ ಇಲ್ಲ. ಹೊಸ್ತಿಲ ಕಡೆ ನೋಡಿದಳು... ಕಣ್ಣು ತುಂಬಿ ಬಂತು.

"ಒಳಗೆ ಬಂದ್ಯಾ ತನು...? ಅಪ್ಪ ಹೋದ ದಿನ ನೀನು ಗೇಟ್ ಹತ್ರ ನಿಂತು ವಾಪಸ್ ಹೋಗಿದ್ದನ್ನ ಕಿಟಕಿಯಿಂದ ನೋಡಿದ್ದೆ. ಡಬ್ಬಿ ಹಂಚ್ಕೊಂಡ್ರೂ ನಮ್ಮ ಜಾತಿಯೋರ ಮನೆ ಹೊಸ್ತಿಲು ತುಳಿಯಲ್ಲ ಅಂತ ಹೋದೆ ಅಂದ್ಕೊಂಡಿದ್ದೆ..."

ತನುಜಾಳ ಎದೆ ಒಡೆದಂತಾಯಿತು. ತಾನು ಗಿಡ್ಡ ಕಾಣಬಾರದೆಂದು ಮುಚ್ಚಿಟ್ಟದ್ದು ನಾಲ್ಕು ಇಂಚು. ಅದಕ್ಕಾಗಿ ಗೆಳತಿಯನ್ನು ಇಡೀ ವರ್ಷ ತನ್ನನ್ನು ಕೀಳಾಗಿ ಕಂಡರೆನ್ನುವ ಸಂಕಟದಲ್ಲಿ ಇಟ್ಟಿದ್ದಳು!

"ಇಲ್ವೇ ದುರ್ಗಾ... ಇದಕ್ಕೆ ಕಣೇ..." ಎಂದು ತನ್ನ ಬರಿಗಾಲು ತೋರಿಸಿ ಬಿಕ್ಕಿಬಿಕ್ಕಿ ಅತ್ತಳು.

ದುರ್ಗಾ ಅಳುತ್ತಲೇ ನಕ್ಕಳು. "ಇದಕ್ಕಾ? ನೀನು ಹೀಲ್ಸ್ ಹಾಕ್ತೀಯ ಅಂತ ಶೋರೂಂಗೆಲ್ಲ ಗೊತ್ತು ಕಣೇ! ಆ ಟೈಲ್ಸ್ ಮೇಲೆ ಟಕ್ ಟಕ್ ಅಂತ ಬರ್ತಿದ್ದೆ, ಕೇಳಿಸಲ್ವಾ ನಮಗೆ?"

ಊಟದ ಸಾಲಿನಿಂದ ಮ್ಯಾನೇಜರ್ ಕರೆದರು, "ತನುಜಾ, ಇಲ್ಲಿ ಜಾಗ ಐತೆ ಬನ್ನಿ." ಅಷ್ಟೇ. ಅಷ್ಟಕ್ಕೇ ಮೂರು ವರ್ಷ ಹೆದರಿದ್ದಳು.

"ಮೊದ್ಲು ನೀರು ಕೊಡೇ" ಎಂದಳು ತನುಜಾ. ದುರ್ಗಾ ಕೊಟ್ಟ ತಂಬಿಗೆ ನೀರನ್ನು ನಿಂತಲ್ಲೇ ಗಟಗಟ ಕುಡಿದು, ಮಗುವಿಗಾಗಿ ಕೈ ಚಾಚಿದಳು.

ನಮ್ಮ ಕೊರತೆಯನ್ನು ಮುಚ್ಚಲು ನಾವು ಇಟ್ಟ ದೂರ, ಇನ್ನೊಬ್ಬರಿಗೆ ತಿರಸ್ಕಾರದಂತೆ ಕಂಡೀತು.

ಏನನ್ನೋ ಮುಚ್ಚಿಡಲು ಹೋಗಿ, ನೀವು ಯಾರ ಮನೆಯ ಬಾಗಿಲಿನಿಂದ ಹಿಂದಿರುಗಿ ಬಂದಿದ್ದೀರಿ...?