ಎಡಬಾಗಿಲಿನ ಗುಳಿ

“ಸುರಿ ಅಂದ್ರೆ ಸುರಿ. ಸಸಿಗೆ ನೀರು ಹನಿಸೋ ಹಾಗೆ ಹನಿಸ್ಬೇಡ!”

ಡ್ರೈವರ್ ರೇಗಿದ. ಹೆಂಡತಿ ಕುದಿಯುವ ನೀರನ್ನು ಮಾಲೀಕರ ಕಾರಿನ ಹಿಂಬದಿಯ ಎಡಬಾಗಿಲಿಗೆ ಸುರಿದಳು. ಬುಸ್ಸೆಂದು ಆವಿ ಎದ್ದಿತು. ಬಚ್ಚಲು ಕಟ್ಟಿಕೊಂಡಾಗ ಬಳಸುವ ರಬ್ಬರ್ ಬಟ್ಟಲನ್ನು ಅವನು ಗುಳಿಯ ಮೇಲೆ ಅಮುಕಿ, ಹಲ್ಲು ಕಚ್ಚಿ ಎಳೆದ. ಬಟ್ಟಲು ಬಂತು. ಅದರ ಜೊತೆ ಅವನೂ ಬಂದು ಅಂಗಾತ ಬಿದ್ದ. ಗುಳಿ ಇದ್ದಲ್ಲೇ ಇತ್ತು.

“ಏಳ್ಬೇಕಾಗಿದ್ದು ಅದು. ಬಿದ್ದಿದ್ದು ನೀವು,” ಎಂದಳು ಹೆಂಡತಿ.

ಅಂಗೈಯಗಲದ ಗುಳಿ. ಬಣ್ಣ ಕೂಡ ಒಡೆದಿರಲಿಲ್ಲ. ಆದರೆ ಕಂಪನಿಯ ನಿಯಮ ಕೆಂಪಕ್ಷರದಲ್ಲಿ ಶೆಡ್ಡಿನ ಗೋಡೆಯ ಮೇಲೆಯೇ ಇತ್ತು: ಕೀಲಿಗೆ ಸಹಿ ಹಾಕಿದವನೇ ಕಾರಿಗೆ ಹೊಣೆ. ಹಿಂದಿನ ಡ್ರೈವರ್ ಒಂದೇ ಒಂದು ಗೀಚಿಗೆ ಮನೆ ಸೇರಿದ್ದ. ಇವನು ಹನ್ನೊಂದು ವರ್ಷ ಗೀಚಿಲ್ಲದೆ ಓಡಿಸಿದ್ದ. ಹನ್ನೊಂದು ವರ್ಷವೂ ‘ತಾತ್ಕಾಲಿಕ’. ಮನುಷ್ಯ ತಲೆ ನರೆಯುವವರೆಗೂ ತಾತ್ಕಾಲಿಕವಾಗಿ ಬದುಕಬಲ್ಲ ಎಂಬುದು ಮಾಲೀಕರ ಮಹಾ ಸಂಶೋಧನೆ. ಅದನ್ನು ಕೋರ್ಟು ಒಪ್ಪಲಿಲ್ಲ. ಹತ್ತು ವರ್ಷ ದಾಟಿದವರನ್ನೆಲ್ಲ ಕಾಯಂ ಮಾಡಿ ಎಂದಿತು. ಸೋಮವಾರ ಇವನ ಕೈಗೆ ಆದೇಶ ಬರಬೇಕು.

ಇಂದು ಭಾನುವಾರ.

ಶುಕ್ರವಾರ ಮಧ್ಯಾಹ್ನ ಪರವೂರಿಗೆ ಹೊರಟ ಮಾಲೀಕರಲ್ಲಿ ಕರುಣೆ ಉಕ್ಕಿ ಹರಿದಿತ್ತು. ತಾವೇ ನಡೆದು ಬಂದು ಕೀಲಿ ಕೊಟ್ಟಿದ್ದರು. “ಶೆಡ್ಡಿನ ಚಾವಣಿ ರಿಪೇರಿ ಇದೆಯಪ್ಪ. ಎರಡು ದಿನ ನಿನ್ನ ಮನೆ ಹತ್ರಾನೇ ಇಟ್ಕೋ.” ಎಂದಿನಂತೆ ಕಾರಿಗೆ ಒಂದು ಸುತ್ತು ಬಂದು, ನೋಡಿ, ಆಮೇಲೆ ಪುಸ್ತಕಕ್ಕೆ ಸಹಿ ಹಾಕಬೇಕಿತ್ತು. ಅಂಥ ದೊಡ್ಡ ಮನುಷ್ಯರನ್ನು ಬಿಸಿಲಲ್ಲಿ ನಿಲ್ಲಿಸಿ ಸುತ್ತು ಹೊಡೆಯುವುದುಂಟೆ? ನಿಂತಲ್ಲೇ ಸಹಿ ಹಾಕಿದ. ಮನೆಗೆ ತಂದು, ಎಡಬದಿಯನ್ನು ಗೋಡೆಗೆ ಒತ್ತಿ, ಮಗುವನ್ನು ಮಲಗಿಸಿದಷ್ಟು ಜೋಪಾನವಾಗಿ ನಿಲ್ಲಿಸಿದ.

ಆಮೇಲೆ ಬುದ್ಧಿ ಕೆಟ್ಟಿತು. ಶನಿವಾರ ಅತ್ತೆಯನ್ನು ಅದೇ ಕಾರಿನಲ್ಲಿ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. ಸ್ವಂತ ಕೆಲಸಕ್ಕೆ ಕಂಪನಿಯ ಕಾರು! ಅಲ್ಲಿ ಪಕ್ಕದಲ್ಲೇ ಒಂದು ವ್ಯಾನು ನುಗ್ಗಿ ನಿಂತಿತ್ತು. ವಾಪಸು ಬಂದಾಗ ಗುಳಿ ಹೆಂಡತಿಯ ಕಣ್ಣಿಗೆ ಬಿತ್ತು. ತಪ್ಪು ಯಾರದೆಂದು ಯೋಚಿಸಲು ಡ್ರೈವರ್‌ಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಬಡವನಿಗೆ ಆ ಅಭ್ಯಾಸ ಚೆನ್ನಾಗಿರುತ್ತದೆ.

“ಬಸ್ಸಲ್ಲಿ ಹೋಗಿ ಅಂದೆ. ಕೇಳಿದ್ರಾ? ಒಂದು ದಿನದ ರಾಜ ಆಗ್ಬೇಕಿತ್ತು!”

“ನಿಮ್ಮಮ್ಮನಿಗೋಸ್ಕರ ಅಲ್ವೇನೇ?”

“ಅಮ್ಮನಿಗೆ ಕಣ್ಣೇ ಕಾಣ್ತಿರ್ಲಿಲ್ಲ. ಜಂಬ ತೋರಿಸಿದ್ದು ಯಾರಿಗೆ?”

ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆ ಗೋಡೆ ಹಿಡಿದು ಹೊರಗೆ ಬಂದಳು. ಪಾತ್ರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸೊಟ್ಟ ಪಾತ್ರೆಗಳನ್ನು ನೆಟ್ಟಗೆ ಮಾಡಿದ ಕೈ ಅವಳದು. ಗುಳಿಯ ಮೇಲೆ ಬೆರಳಾಡಿಸಿದಳು.

“ವ್ಯಾನು ಸವರಿದ್ರೆ ಉದ್ದಕ್ಕೆ ಗೀಚ್ತಿತ್ತು ಅಳಿಯಂದ್ರೇ. ಇದು ನಿಂತ ಕಾರಿಗೆ ನೇರ ಬಿದ್ದ ಪೆಟ್ಟು. ಯಾರಿಗೋ ನಿಮ್ಮ ಮೇಲೆ ಬಹಳ ಪ್ರೀತಿ.”

“ನನಗ್ಯಾರು ಅತ್ತೆ ಶತ್ರು? ಹನ್ನೊಂದು ವರ್ಷದಲ್ಲಿ ಜೋರಾಗಿ ಹಾರ್ನ್ ಕೂಡ ಹೊಡೆದವನಲ್ಲ.”

“ಅದಕ್ಕೇ ಯಾರೂ ದಾರಿ ಬಿಟ್ಟಿಲ್ಲ,” ಎಂದಳು ಹೆಂಡತಿ.

ಅತ್ತೆ ಅಲ್ಲೇ ಕೂತು ಹುಕುಂ ಹೊರಡಿಸಿದಳು. ಡ್ರೈವರ್ ಬಾಗಿಲಿನ ಒಳಹಲಗೆಯ ತಿರುಪುಗಳನ್ನು ಬಿಚ್ಚಿದ. ಹೆಂಡತಿ ಲಟ್ಟಣಿಗೆಗೆ ಟವೆಲ್ಲು ಸುತ್ತಿ ಕೊಟ್ಟಳು. ಅವನು ಅದನ್ನು ಒಳಗಿನಿಂದ ತೂರಿಸಿ ಒತ್ತತೊಡಗಿದ.

“ನಡುವೆ ತಿವೀಬೇಡಿ, ಆ ಕಡೆ ಉಬ್ಬುತ್ತೆ. ಅಂಚಿಂದ ಬನ್ನಿ. ಸುತ್ತ ಸುತ್ತ. ಲೋಹಕ್ಕೆ ತನ್ನ ಹಳೇ ಆಕಾರ ನೆನಪಿರುತ್ತೆ. ನಾವು ಮರ್ಯಾದೆಯಾಗಿ ಕೇಳ್ಬೇಕು, ಅಷ್ಟೇ.”

ಎರಡು ಗಂಟೆ ಮರ್ಯಾದೆಯಾಗಿ ಕೇಳಿದ. ಬೆರಳಲ್ಲಿ ಬೊಬ್ಬೆ ಎದ್ದವು. ಕೊನೆಗೆ ‘ಟಕ್’ ಎಂದು ಗುಳಿ ಹೊರಗೆದ್ದಿತು.

ಅತ್ತೆ ಮತ್ತೆ ಕೈಯಾಡಿಸಿದಳು. “ಇಲ್ಲಿ ಏನೂ ಆಗೇ ಇಲ್ಲ,” ಎಂದು ತೀರ್ಪು ಕೊಟ್ಟು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಕಾರು ಕಂಪನಿಯ ಗೇಟಿನೊಳಗೆ ಕನ್ನಡಿಯ ಹಾಗೆ ನಿಂತಿತ್ತು. ಡ್ರೈವರ್ ಬಲಬದಿಯಲ್ಲಿ ಬಗ್ಗಿ, ಒರೆಸಿದ್ದನ್ನೇ ಒರೆಸುತ್ತಿದ್ದ. ಮಾಲೀಕರು ಬಂದರು. ಹಿಂದೆಯೇ ಹೆಡ್ ಗುಮಾಸ್ತ, ಕೈಯಲ್ಲಿ ಫೈಲು. ಫೈಲಿನ ಅಂಚಿನಿಂದ ಟೈಪಾದ ಕಾಗದವೊಂದು ಇಣುಕುತ್ತಿತ್ತು. ಆದೇಶ! ಡ್ರೈವರ್ ಇನ್ನಷ್ಟು ಜೋರಾಗಿ ಒರೆಸಿದ.

ಮಾಲೀಕರು ತಾವು ಹತ್ತುವ ಎಡಬಾಗಿಲಿನ ಬಳಿ ನಿಂತರು. ಹತ್ತಲಿಲ್ಲ. ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಾಗಿಲಿನ ಮೇಲೆ ಕೈಯಾಡಿಸಿದರು. ಮೇಲಿಂದ ಕೆಳಕ್ಕೆ. ಕೆಳಗಿಂದ ಮೇಲಕ್ಕೆ. ಡ್ರೈವರ್ ಒರೆಸುವುದನ್ನು ನಿಲ್ಲಿಸಿದ. ಮುಗಿಯಿತು, ಗೊತ್ತಾಗಿಹೋಯಿತು. ಆಸ್ಪತ್ರೆಯ ವಿಷಯವನ್ನೂ ತಾನೇ ಒಪ್ಪಿಕೊಂಡು ಕಾಲು ಹಿಡಿದುಬಿಡೋಣವೆಂದು ಒರೆಸುವ ಬಟ್ಟೆಯನ್ನು ಕೆಳಗಿಟ್ಟ.

ಮಾಲೀಕರ ಮುಖ ಕಪ್ಪಿಟ್ಟಿತು. ಡ್ರೈವರ್ ಆದವನಿಗೆ ಕಿವಿ ಇರುವುದಿಲ್ಲ ಎಂಬುದು ಹಿಂದಿನ ಸೀಟಿನಲ್ಲಿ ಕೂತು ಬೆಳೆದವರ ನಂಬಿಕೆ. ಅವರು ಗುಮಾಸ್ತನತ್ತ ತಿರುಗಿ ಹಲ್ಲು ಕಡಿದರು:

“ಇದೇ ಬಾಗಿಲಿಗೇ ಕಣ್ರೀ ಶುಕ್ರವಾರ ನಾನು ಒದ್ದಿದ್ದು... ಇವನನ್ನ ತೆಗೆಯೋಕೆ ಈಗ ಏನಂತ ಕಾರಣ ಬರೆಯೋದು?”